ಗಾಂಧಿಗ್ರಾಮ ಮತ್ತು ಅಮೆರಿಕದ ಕಪ್ಪುಜನರ ಹೋರಾಟ

ಗಾಂಧಿಗ್ರಾಮವು ದಿಂಡಿಗಲ್–ಮಧುರೈ ರಸ್ತೆಯಲ್ಲಿ, ಸಿರುಮಲೈ ಬೆಟ್ಟಸಾಲಿನ ಬುಡದಲ್ಲಿ, ನೇಕಾರರ ಊರಾದ ಚಿನ್ನಾಳಪಟ್ಟಿಯ ಪಕ್ಕದಲ್ಲಿರುವ ಗ್ರಾಮಸೇವಾ ಕೇಂದ್ರ. ವೈದ್ಯೆ ಟಿ.ಎಸ್. ಸೌಂದರಂ ಮತ್ತು ಅವರ ಪತಿ ಜಿ. ರಾಮಚಂದ್ರನ್ 1947ರಲ್ಲಿ ಇದನ್ನು ಕಟ್ಟಿದರು. ಇಲ್ಲಿನ ಗ್ರಾಮೀಣ ವಿದ್ಯಾಸಂಸ್ಥೆ ಆರಂಭವಾದದ್ದು 1956ರಲ್ಲಿ. 1976ರಲ್ಲಿ ಅದು ವಿಶ್ವವಿದ್ಯಾಲಯದ ಸ್ಥಾನ ಪಡೆಯಿತು.

ಅಮೆರಿಕದ ಕಪ್ಪುಜನರ ಚರಿತ್ರೆಯೊಂದಿಗೆ ಈ ಜಾಗಕ್ಕಿರುವ ನಂಟು ಒಂದು ಪತ್ರದಿಂದ ಮೊದಲಾಗುತ್ತದೆ. ರಾಮಚಂದ್ರನ್ ಗಾಂಧಿ ಸ್ಮಾರಕ ನಿಧಿಯ ಕಾರ್ಯದರ್ಶಿಯೂ ಆಗಿದ್ದರು. ಅಮೆರಿಕದ ಮಾಂಟ್ಗೊಮರಿಯಲ್ಲಿ ಬಸ್ಸುಗಳಲ್ಲಿನ ವರ್ಣಭೇದದ ವಿರುದ್ಧ 381 ದಿನ ನಡೆದ ಬಸ್ ಬಹಿಷ್ಕಾರದ ಮುಂದಾಳು ಮಾರ್ಟಿನ್ ಲೂಥರ್ ಕಿಂಗ್ ಅವರನ್ನು 1958ರ ಡಿಸೆಂಬರ್‌ನಲ್ಲಿ ಭಾರತಕ್ಕೆ ಕರೆದು ಪತ್ರ ಬರೆದವರು ಅವರೇ. ಮರುವರ್ಷ ಫೆಬ್ರವರಿಯಲ್ಲಿ ಕಿಂಗ್, ಪತ್ನಿ ಕೊರೆಟಾ ಮತ್ತು ಇತಿಹಾಸಕಾರ ಲಾರೆನ್ಸ್ ರೆಡಿಕ್ ದಿಲ್ಲಿಗೆ ಬಂದಿಳಿದರು. ತಿಂಗಳ ಪ್ರವಾಸದಲ್ಲಿ ಮದರಾಸಿನಿಂದ ದಕ್ಷಿಣಕ್ಕೆ ಹೊರಟವರು ಗಾಂಧಿಗ್ರಾಮವನ್ನೂ ನೋಡಿ ತಿರುವನಂತಪುರಕ್ಕೆ ಹೋದರು. ಅಲ್ಲಿ ಶಾಲೆಯೊಂದರ ಮುಖ್ಯೋಪಾಧ್ಯಾಯರು ದಲಿತ ಮಕ್ಕಳಿಗೆ ಕಿಂಗ್ ಅವರನ್ನು ‘ಅಮೆರಿಕದಿಂದ ಬಂದ, ನಿಮ್ಮಂತೆಯೇ ಅಸ್ಪೃಶ್ಯ’ ಎಂಬರ್ಥದಲ್ಲಿ ಪರಿಚಯಿಸಿದರಂತೆ. ಮೊದಲು ಸಿಟ್ಟು ಬಂತು, ಆಮೇಲೆ ಮಾತು ನಿಜವೆನಿಸಿತು ಎಂದು ಕಿಂಗ್ 1965ರ ಉಪದೇಶವೊಂದರಲ್ಲಿ ಹೇಳಿಕೊಂಡರು.

ಪ್ರವಾಸದ ಅನುಭವವನ್ನು ಕಿಂಗ್ 1959ರ ಜುಲೈ ‘ಎಬೊನಿ’ ಪತ್ರಿಕೆಯಲ್ಲಿ ಬರೆದರು. ನೆಲವುಳ್ಳವರು ಭೂಹೀನರಿಗೆ ತಾವಾಗಿ ನೆಲ ಬಿಟ್ಟುಕೊಡುವ ಭೂದಾನ ಚಳವಳಿ ಅವರಿಗೆ ಹಿಡಿಸಿತ್ತು. ಅಸ್ಪೃಶ್ಯತೆ ನೀಗುವುದರಲ್ಲಿ ಭಾರತ ಅಮೆರಿಕಕ್ಕಿಂತ ಮುಂದಿದೆ ಎಂಬ ಮೆಚ್ಚುಗೆಯೂ ಅದರಲ್ಲಿದೆ. ಅತಿಥಿಯ ಕಣ್ಣಿಗೆ ಕಂಡದ್ದು ಅಷ್ಟೇ ಎನ್ನಬೇಕು. ಕಿಂಗ್ ಕೊಲೆಯಾದ ವರ್ಷವೇ, 1968ರ ಡಿಸೆಂಬರ್ 25ರಂದು, ತಂಜಾವೂರು ಸೀಮೆಯ ಕೀಳ್ವೆಣ್ಮಣಿಯಲ್ಲಿ ಕೂಲಿ ಹೆಚ್ಚಿಸಿ ಎಂದು ಕೇಳಿದ ದಲಿತರ ಪೈಕಿ 44 ಮಂದಿಯನ್ನು ಗುಡಿಸಲಲ್ಲಿ ಕೂಡಿಹಾಕಿ ಸುಟ್ಟರು; ಸತ್ತವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು. ಆಮೇಲೆ ಅಲ್ಲಿಗೆ ಹೋಗಿ ನೆಲೆಸಿ ದುಡಿದವರು ದಿಂಡಿಗಲ್ ಸೀಮೆಯ ದಲಿತ ಕುಟುಂಬದಲ್ಲಿ ಹುಟ್ಟಿದ, ಸೌಂದರಂ ಅವರ ಆಸರೆಯಲ್ಲಿ ಓದಿದ ಕೃಷ್ಣಮ್ಮಾಳ್ ಜಗನ್ನಾಥನ್. ಭೂಹೀನರಿಗೆ ಹೊಲ ಕೊಡಿಸಲು ಅವರೂ ಪತಿ ಶಂಕರಲಿಂಗಂ ಜಗನ್ನಾಥನ್ ಅವರೂ 1981ರಲ್ಲಿ ಲಾಫ್ಟಿ ಎಂಬ ಸಂಸ್ಥೆ ತೆರೆದರು. ಕಿಂಗ್ ಮೆಚ್ಚಿದ ಭೂದಾನ ಹೊಲದ ಪಟ್ಟಾ ಆಗಿ ಬಡವರ ಕೈಸೇರಲು ಇಂಥ ದುಡಿಮೆ ಬೇಕಾಯಿತು.

ಕಪ್ಪುಜನರ ಹೋರಾಟದ ಚರಿತ್ರೆಗೆ ಉದ್ಯಾನದ ರೂಪ ಸಿಕ್ಕಿರುವುದು ಅಮೆರಿಕದಲ್ಲಿ. ಬರ್ಮಿಂಗ್‌ಹ್ಯಾಮ್ ನಗರದ ಕೆಲ್ಲಿ ಇಂಗ್ರಾಮ್ ಪಾರ್ಕಿನಲ್ಲಿ 1963ರ ಮೇ ತಿಂಗಳಲ್ಲಿ ಶಾಲಾಮಕ್ಕಳ ಮೇಲೆ ಪೊಲೀಸರು ನಾಯಿ ಛೂ ಬಿಟ್ಟು, ಬೆಂಕಿ ಆರಿಸುವ ಕೊಳವೆಯಿಂದ ನೀರು ಹಾಯಿಸಿದರು. ಈಗ ಅಲ್ಲಿ ಹಲ್ಲು ಕಿರಿದು ಮೇಲೆರಗುವ ನಾಯಿಗಳ ಲೋಹಶಿಲ್ಪಗಳ ನಡುವೆಯೇ ಕಾಲುದಾರಿ ಹಾಯುತ್ತದೆ. ಅಟ್ಲಾಂಟಾದಲ್ಲಿ ಕಿಂಗ್ ಹುಟ್ಟಿದ ಮನೆ ಇರುವ ಬೀದಿ 1980ರಿಂದ ರಾಷ್ಟ್ರೀಯ ಸ್ಮಾರಕ. ಅಲ್ಲಿ ನಿಂತಿರುವ ಗಾಂಧಿ ಪ್ರತಿಮೆ ಭಾರತದ ಕೊಡುಗೆ.