ಕುರುಬೂರಿನ ಓಟಗಾರ್ತಿ ಮತ್ತು ಒಂದು ಆಟದ ಏಣಿ

2025ರ ಜನವರಿ 19ರಂದು ದೆಹಲಿಯ ಇಂದಿರಾಗಾಂಧಿ ಒಳಾಂಗಣ ಕ್ರೀಡಾಂಗಣದಲ್ಲಿ ಭಾರತದ ಮಹಿಳೆಯರು ನೇಪಾಳ ತಂಡವನ್ನು 78–40 ಅಂಕಗಳಿಂದ ಸೋಲಿಸಿ ಮೊದಲ ಖೋಖೋ ವಿಶ್ವಕಪ್ಪನ್ನು ಗೆದ್ದುಕೊಂಡರು. ಆ ಅಂತಿಮ ಪಂದ್ಯದ ಶ್ರೇಷ್ಠ ಆಟಗಾರ್ತಿ ಎಂಬ ಗೌರವಕ್ಕೆ ಪಾತ್ರಳಾದವಳು ನಮ್ಮ ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ. ಹಳ್ಳಿಯ ಹುಡುಗಿಯೊಬ್ಬಳು ಜಗತ್ತಿನ ಅಂಕಣದಲ್ಲಿ ನಿಂತ ಈ ಸಾಧನೆಯ ಬೆಲೆ ನಮಗೆ ತಿಳಿಯಬೇಕಾದರೆ ಅವಳ ಕಾಲುಗಳ ವೇಗವನ್ನು ಮೆಚ್ಚಿದರೆ ಸಾಲದು. ಅವಳು ಆಡಿದ ಆಟದ ಚರಿತ್ರೆಯನ್ನೂ ಸ್ವಲ್ಪ ತಿರುವಿ ನೋಡಬೇಕು.

ಖೋಖೋ ಎಷ್ಟು ಹಳೆಯದೆಂದು ಹೇಳುವುದು ಕಷ್ಟ. ಆದರೆ ಅದಕ್ಕೆ ಲಿಖಿತ ನಿಯಮಗಳು ದೊರೆತದ್ದು ಸುಮಾರು 1914ರಲ್ಲಿ, ಪುಣೆಯ ಡೆಕ್ಕನ್ ಜಿಮ್ಖಾನಾದಲ್ಲಿ. ಎರಡು ಕಂಬ, ನಾಲ್ಕು ಸುಣ್ಣದ ಗೆರೆ, ಒಂದಿಷ್ಟು ಸಮತಟ್ಟಾದ ನೆಲ, ಇಷ್ಟಿದ್ದರೆ ಆಟ ನಡೆಯುತ್ತದೆ. ಚೆಂಡು ಬೇಡ, ಬ್ಯಾಟು ಬೇಡ, ಬೂಟು ಸಹ ಬೇಡ. ನಮ್ಮ ಊರಿನ ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ಈ ಆಟ ಒಲಿದದ್ದಕ್ಕೆ ಇದೇ ಮುಖ್ಯ ಕಾರಣ. ನೀವು ಭೇರ್ಯದವರಿರಲಿ, ಹುಣಸೂರು, ಪಿರಿಯಾಪಟ್ಟಣ ಅಥವಾ ಎಚ್.ಡಿ. ಕೋಟೆಯ ಕಡೆಯವರಿರಲಿ, ನಿಮ್ಮ ಮನೆಯ ಹೆಣ್ಣುಮಗಳು ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ಹೋಗಿದ್ದರೆ ಅಲ್ಲಿ ಖೋಖೋ ಅಂಕಣವನ್ನು ಕಂಡೇ ಇರುತ್ತಾಳೆ.

ಆದರೆ ಹೋಬಳಿಯಿಂದ ತಾಲ್ಲೂಕು, ತಾಲ್ಲೂಕಿನಿಂದ ಜಿಲ್ಲೆ, ಜಿಲ್ಲೆಯಿಂದ ರಾಜ್ಯ, ಆಮೇಲೆ? ಪುರುಷರ ಮೊದಲ ರಾಷ್ಟ್ರೀಯ ಪಂದ್ಯಾವಳಿ 1959–60ರಲ್ಲಿ ವಿಜಯವಾಡದಲ್ಲಿ ನಡೆಯಿತು. ಅದರ ಬೆನ್ನಿಗೇ ಮಹಿಳೆಯರಿಗೂ ರಾಷ್ಟ್ರೀಯ ಪಂದ್ಯಗಳು ಆರಂಭವಾದವು. ಬಹುಕಾಲ ಏಣಿಯ ಕೊನೆಯ ಮೆಟ್ಟಿಲು ಹೆಚ್ಚುಕಡಿಮೆ ಅದೇ ಆಗಿತ್ತು. 2016ರಲ್ಲಿ ಗುವಾಹಟಿಯ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಖೋಖೋಗೆ ಸ್ಥಾನ ಸಿಕ್ಕಿತು. ವಿಶ್ವಕಪ್ ಬರಲು 2025ರವರೆಗೆ ಕಾಯಬೇಕಾಯಿತು. ಅಂದರೆ ನಿಯಮಗಳು ಹುಟ್ಟಿ ನೂರ ಹತ್ತು ವರ್ಷಗಳ ನಂತರ!

ಇದನ್ನು ಹೆಣ್ಣುಮಕ್ಕಳದೇ ಆದ ಇನ್ನೊಂದು ಆಟದೊಂದಿಗೆ ಹೋಲಿಸಿ ನೋಡಿ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ, ವೈ.ಎಂ.ಸಿ.ಎ. ಎಂದು ನಾವು ಕರೆಯುವ ಕ್ರೈಸ್ತ ಯುವಕರ ಸಂಘದ ತರಬೇತಿ ಶಾಲೆಯಲ್ಲಿ, ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ಹಣ್ಣಿನ ಬುಟ್ಟಿಗಳನ್ನು ಕಟ್ಟಿ ಬಾಸ್ಕೆಟ್‌ಬಾಲ್ ಆಟವನ್ನು ಆರಂಭಿಸಿದರು. ಕೆಲವೇ ವರ್ಷಗಳಲ್ಲಿ ಅದು ಇಂಗ್ಲೆಂಡಿನ ಮಹಿಳಾ ದೈಹಿಕ ಶಿಕ್ಷಣ ಕಾಲೇಜಿಗೆ ತಲುಪಿ, ಅಲ್ಲಿ ರೂಪ ಬದಲಿಸಿಕೊಂಡು ನೆಟ್‌ಬಾಲ್ ಆಯಿತು. 1901ರಲ್ಲಿ ಅದರ ನಿಯಮಗಳು ಅಚ್ಚಾದವು. 1960ರಲ್ಲಿ ನಮ್ಮ ನೆರೆಯ ಸಿಲೋನಿನಲ್ಲಿ ಹಲವು ದೇಶಗಳವರು ಕೂಡಿ ಅಂತರರಾಷ್ಟ್ರೀಯ ಒಕ್ಕೂಟವನ್ನು ಕಟ್ಟಿದರು. 1963ರಲ್ಲಿ ಇಂಗ್ಲೆಂಡಿನ ಈಸ್ಟ್‌ಬೋರ್ನಿನಲ್ಲಿ ಮೊದಲ ವಿಶ್ವ ಪಂದ್ಯಾವಳಿ ನಡೆದು ಆಸ್ಟ್ರೇಲಿಯಾ ಗೆದ್ದಿತು. 1998ರಿಂದ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಅದಕ್ಕೆ ಪದಕವೂ ಉಂಟು. 2010ರಲ್ಲಿ ಆ ಕೂಟ ದೆಹಲಿಗೆ ಬಂದಾಗ ಪ್ರಾಚಿ ತೆಹ್ಲಾನ್ ಅವರ ನಾಯಕತ್ವದಲ್ಲಿ ಭಾರತದ ಹುಡುಗಿಯರೂ ನೆಟ್‌ಬಾಲ್ ಆಡಿದರು. ಒಂದು ಆಟಕ್ಕೆ ಅರುವತ್ತು ವರ್ಷಗಳಲ್ಲಿ ಸಿಕ್ಕ ವಿಶ್ವವೇದಿಕೆ ಇನ್ನೊಂದಕ್ಕೆ ಶತಮಾನ ಕಳೆದರೂ ಸಿಗಲಿಲ್ಲ. ನಡುವಿನ ಆ ದಶಕಗಳಲ್ಲಿ ನಮ್ಮ ಹಳ್ಳಿಗಳಲ್ಲಿ ಎಷ್ಟು ಮಂದಿ ಚೈತ್ರಾರು ಓಡಿ, ದಣಿದು, ಆಟ ಬಿಟ್ಟು ಮನೆಗೆ ಮರಳಿರಬಹುದು! ಅವರಲ್ಲಿ ಸಾಮರ್ಥ್ಯದ ಕೊರತೆಯಿರಲಿಲ್ಲ, ಏರಲು ಏಣಿಯಿರಲಿಲ್ಲ.

ಈ ಹಿನ್ನೆಲೆಯಲ್ಲಿ ದೆಹಲಿಯ ಆ ದಿನಗಳನ್ನು ನೆನೆಯೋಣ. ಮಹಿಳಾ ವಿಭಾಗದಲ್ಲಿ 19 ತಂಡಗಳು ಬಂದಿದ್ದವು. ಪ್ರಿಯಾಂಕಾ ಇಂಗಳೆ ನಾಯಕಿಯಾಗಿದ್ದ ಭಾರತ ತಂಡವು ಮೊದಲ ಪಂದ್ಯದಲ್ಲಿ ದಕ್ಷಿಣ ಕೊರಿಯಾವನ್ನು 175–18ರಿಂದ, ಕ್ವಾರ್ಟರ್ ಫೈನಲಿನಲ್ಲಿ ಬಾಂಗ್ಲಾದೇಶವನ್ನು 109–16ರಿಂದ, ಸೆಮಿಫೈನಲಿನಲ್ಲಿ ದಕ್ಷಿಣ ಆಫ್ರಿಕಾವನ್ನು 66–16ರಿಂದ ಮಣಿಸಿತು. ಫೈನಲಿನಲ್ಲಿ ಮೊದಲ ಸರದಿಯಲ್ಲೇ ಭಾರತಕ್ಕೆ 34 ಅಂಕ ಬಂದವು. ಮೂರನೆಯ ಸರದಿ ಮುಗಿದಾಗ 73–24. ಕೊನೆಯ ಸರದಿಯಲ್ಲಿ ಬೆನ್ನಟ್ಟುವವರು ನೇಪಾಳದವರು, ತಪ್ಪಿಸಿಕೊಳ್ಳಬೇಕಾದವರು ನಮ್ಮವರು. ಮೂರು ನಿಮಿಷ ಮೀರಿ ಔಟಾಗದೆ ಉಳಿದ ಗುಂಪಿಗೆ ಅಂಕ ದೊರೆಯುತ್ತದೆ. ಅದನ್ನು ‘ಡ್ರೀಮ್ ರನ್’ ಎನ್ನುತ್ತಾರೆ. ಚೈತ್ರಾಳಿದ್ದ ಗುಂಪು 5 ನಿಮಿಷ 14 ಸೆಕೆಂಡು ಅಂಕಣದಲ್ಲಿ ಉಳಿಯಿತು. 73 ಅಂಕ 78 ಆದದ್ದು ಹಾಗೆ. ಎದುರಾಳಿಯ ಕೈಗೆ ಒಂದು ಗೇಣಿನ ಅಂತರದಲ್ಲಿ ಸಿಗದೆ ಐದು ನಿಮಿಷ ಓಡುವುದೆಂದರೆ ಏನೆಂಬುದು ಒಮ್ಮೆಯಾದರೂ ಖೋಖೋ ಆಡಿದವರಿಗೆ ಗೊತ್ತು.

ಗೆಲುವಿನ ಮರುದಿನಗಳಲ್ಲಿ ನಡೆದದ್ದೂ ಈ ಚರಿತ್ರೆಯ ಭಾಗವೇ. ಕರ್ನಾಟಕ ಸರ್ಕಾರವು ಚೈತ್ರಾಳಿಗೂ, ಗೆದ್ದ ಪುರುಷರ ತಂಡದಲ್ಲಿದ್ದ ಎಂ.ಕೆ. ಗೌತಮ್ ಅವರಿಗೂ ತಲಾ 5 ಲಕ್ಷ ರೂಪಾಯಿ ಘೋಷಿಸಿತು. ಮಹಾರಾಷ್ಟ್ರವು ತನ್ನ ಆಟಗಾರರಿಗೆ ತಲಾ 2.25 ಕೋಟಿ ರೂಪಾಯಿಯನ್ನೂ ಸರ್ಕಾರಿ ಉದ್ಯೋಗವನ್ನೂ ಪ್ರಕಟಿಸಿತ್ತು. ಈ ಅಂತರವನ್ನು ಎತ್ತಿ ತೋರಿಸಿ ಇವರಿಬ್ಬರೂ ಬಹುಮಾನವನ್ನು ಒಪ್ಪಲಿಲ್ಲ. ಇದನ್ನು ಹಣದಾಸೆ ಎಂದು ತಳ್ಳಿಹಾಕುವ ಮೊದಲು ನೀವೇ ಯೋಚಿಸಿ. ಓಟಗಾರ್ತಿಯ ಆಯುಷ್ಯ ಅಂಕಣದಲ್ಲಿ ಹೆಚ್ಚೆಂದರೆ ಹತ್ತು-ಹದಿನೈದು ವರ್ಷ. ಕಾಲು ಸೋತ ದಿನ ಅವಳ ಮುಂದೆ ಇಡೀ ಬಾಳು ಉಳಿದಿರುತ್ತದೆ. ಅವರು ಕೇಳಿದ್ದು ಆ ಬಾಳಿನ ಪ್ರಶ್ನೆ. ಒಂದೇ ತಂಡದಲ್ಲಿ ಒಂದೇ ಪದಕ ಗೆದ್ದವರ ನಾಳೆಗಳು ರಾಜ್ಯದ ಗಡಿಯನ್ನು ನೋಡಿಕೊಂಡು ಬೇರೆಬೇರೆಯಾಗಬೇಕೆ?

ಏಣಿಯ ಮೇಲಿನ ಮೆಟ್ಟಿಲುಗಳನ್ನು ಸರ್ಕಾರಗಳು, ಒಕ್ಕೂಟಗಳು ಇಡಬೇಕು. ಕೆಳಗಿನ ಮೆಟ್ಟಿಲುಗಳು ಮಾತ್ರ ನಮ್ಮ ಕೈಯಲ್ಲೇ ಇವೆ. ದಕ್ಷಿಣ ಭಾರತದ ಶಾಲೆಗಳಿಗೆ ತರಬೇತಿ ಪಡೆದ ದೈಹಿಕ ಶಿಕ್ಷಕರು ಬೇಕೆಂದು 1920ರಲ್ಲೇ ಮನಗಂಡ ಹ್ಯಾರಿ ಕ್ರೋ ಬಕ್ ಅವರು ಮದರಾಸಿನಲ್ಲಿ ವೈ.ಎಂ.ಸಿ.ಎ. ಕಾಲೇಜನ್ನು ಆರಂಭಿಸಿದರು. ಶಾಲೆಯ ಬಯಲನ್ನು ಉಳಿಸಿಕೊಳ್ಳುವುದು, ಪಿ.ಟಿ. ಮೇಷ್ಟರ ಪೀರಿಯಡ್ಡನ್ನು ಗಣಿತಕ್ಕೆ ಬಿಟ್ಟುಕೊಡದಿರುವುದು, ಸಂಜೆ ಅಭ್ಯಾಸಕ್ಕೆ ನಿಂತ ಮಗಳನ್ನು ಒಲೆಯ ಮುಂದೆ ಕೂರಲು ಕರೆಯದಿರುವುದು ಅಂಥದ್ದೇ ಕೆಲಸದ ಮುಂದುವರಿಕೆ. ಹತ್ತನೆಯ ತರಗತಿ ಬಂತೆಂದು, ಮೈನೆರೆದಳೆಂದು ಆಟ ಬಿಡಿಸಿದ ಮನೆಗಳು ನಮ್ಮ ನಡುವೆ ಕಡಿಮೆಯೇನಿಲ್ಲ. ಕುರುಬೂರಿನ ಒಂದು ಮನೆ ಹಾಗೆ ಮಾಡಲಿಲ್ಲ. ದೇಶಕ್ಕೆ ಬಂದ ವಿಶ್ವಕಪ್ಪಿನಲ್ಲಿ ಆ ಮನೆಯ ಪಾಲೂ ಇದೆ.