ಸುಲ್ತಾನನ ಬೋಗುಣಿಯಲ್ಲಿ ಬಾಲಯೇಸು

ಮಧ್ಯಯುಗದ ಧರ್ಮಯುದ್ಧಗಳೆಂದೊಡನೆ ನಮ್ಮ ಕಣ್ಣಮುಂದೆ ಬರುವುದು ಖಡ್ಗ, ಕೋಟೆ, ರಕ್ತಪಾತ. ಆ ಶತಮಾನಗಳಿಂದ ಉಳಿದುಬಂದಿರುವ ಎರಡು ಹಿತ್ತಾಳೆಯ ಬೋಗುಣಿಗಳು ಬೇರೊಂದು ಕಥೆಯನ್ನು ಹೇಳುತ್ತವೆ.

ಮೊದಲನೆಯದು ಈಜಿಪ್ಟ್ ಮತ್ತು ಸಿರಿಯಾಗಳನ್ನು ಆಳಿದ ಸುಲ್ತಾನ ಸಾಲಿಹ್ ಅಯ್ಯೂಬನಿಗಾಗಿ ಸುಮಾರು 1247-49ರಲ್ಲಿ ತಯಾರಾದದ್ದು. ಅರ್ಧ ಮೀಟರ್ ವ್ಯಾಸದ ಈ ಬೋಗುಣಿ ಈಗ ವಾಷಿಂಗ್ಟನ್ನಿನ ಫ್ರೀರ್ ಕಲಾ ಸಂಗ್ರಹಾಲಯದಲ್ಲಿದೆ. ಅದರ ಮೇಲೆ ಅರಬ್ಬಿ ಲಿಪಿಯಲ್ಲಿ ಸುಲ್ತಾನನ ಹೆಸರು, ಬಿರುದುಗಳಿವೆ. ಜೊತೆಗೆ ಬೆಳ್ಳಿಯಲ್ಲಿ ಮೂಡಿದ ಮಂಗಳವಾರ್ತೆ, ಬಾಲಯೇಸುವನ್ನು ಹೊತ್ತ ಮಾತೆ ಮರಿಯಮ್ಮ, ಲಾಜರನ ಪುನರ್ಜೀವ, ಯೇಸುವಿನ ಜೆರುಸಲೇಮ್ ಪ್ರವೇಶ ಇವೆ. ಒಳಮೈಯಲ್ಲಿ ಸಂತರ ಸಾಲೇ ನಿಂತಿದೆ! ಕುರಾನಿನ ಒಂದು ಅಧ್ಯಾಯಕ್ಕೆ ಮರಿಯಮ್ಮನ ಹೆಸರೇ ಇದೆಯೆಂಬುದನ್ನು ಇಲ್ಲಿ ನೆನೆಯಬಹುದು.

ಬೀದರಿನ ಬಿದರಿ ಪಾತ್ರೆಗಳನ್ನು ಕಂಡವರಿಗೆ ಈ ಕಲೆಯ ಶ್ರಮ ತಿಳಿದೀತು. ಹಿತ್ತಾಳೆಯ ಮೈಯನ್ನು ಉಳಿಯಿಂದ ಕೊರೆದು, ಬೆಳ್ಳಿಯ ತೆಳು ತಗಡನ್ನು ಅದರಲ್ಲಿ ಬಡಿದು ಕೂರಿಸಿ, ಮೇಲೆ ಸೂಕ್ಷ್ಮ ಗೆರೆಗಳನ್ನು ಕೆತ್ತುತ್ತಿದ್ದರು. ಇರಾಕಿನ ಮೋಸುಲ್ ನಗರ ಈ ಕಸುಬಿಗೆ ಹೆಸರಾಗಿತ್ತು.

ಇದೇ ಅಯ್ಯೂಬನ ರಾಜ್ಯದ ಮೇಲೆ 1249ರಲ್ಲಿ ದಂಡೆತ್ತಿ ಬಂದವನು ಫ್ರಾನ್ಸಿನ ಒಂಬತ್ತನೆಯ ಲೂಯಿ; ನಾವು ಸಂತನೆಂದು ಗೌರವಿಸುವ ದೊರೆ. ಯುದ್ಧದ ನಡುವೆಯೇ ಸುಲ್ತಾನ ತೀರಿಕೊಂಡ. ಮರುವರ್ಷ ಲೂಯಿ ಸೆರೆಯಾದ.

ಎರಡನೆಯ ಬೋಗುಣಿಗೆ ಈ ದೊರೆಯ ಹೆಸರೇ ಅಂಟಿಕೊಂಡಿದೆ: ಸಂತ ಲೂಯಿಯ ದೀಕ್ಷಾಸ್ನಾನ ಪಾತ್ರೆ. ನಿಜಕ್ಕೂ ಅವನು ಅದನ್ನು ಕಂಡಿರಲಾರ. ಅವನು ಮಡಿದದ್ದು 1270ರಲ್ಲಿ. ಮಮ್ಲೂಕರ ನಾಡಿನಲ್ಲಿ ಈ ಪಾತ್ರೆ ಸಿದ್ಧವಾದದ್ದು ಸುಮಾರು 1320-40ರಲ್ಲಿ. ಅದನ್ನು ರಚಿಸಿದ ಮುಹಮ್ಮದ್ ಇಬ್ನ್ ಅಲ್-ಜೈನ್ ತನ್ನ ಹೆಸರನ್ನು ಆರು ಕಡೆ ಬರೆದಿದ್ದಾನೆ. ಇಂದು ಪ್ಯಾರಿಸಿನ ಲೂವ್ರ್ ಸಂಗ್ರಹಾಲಯಕ್ಕೆ ಸೇರಿರುವ ಇದೇ ಪಾತ್ರೆಯಲ್ಲಿ 1606ರಲ್ಲಿ ಫ್ರಾನ್ಸಿನ ರಾಜಕುಮಾರ, ಮುಂದೆ ಹದಿಮೂರನೆಯ ಲೂಯಿ ಆದವನು, ದೀಕ್ಷಾಸ್ನಾನ ಪಡೆದ.

ಯೋಚಿಸಿ ನೋಡಿ. ಸುಲ್ತಾನನ ಅರಮನೆಯ ಪಾತ್ರೆಯ ಮೇಲೆ ನಮ್ಮ ಶುಭಸಂದೇಶದ ದೃಶ್ಯಗಳು. ಕ್ರೈಸ್ತ ರಾಜಪುತ್ರನ ದೀಕ್ಷಾಜಲವನ್ನು ಹಿಡಿದ ಪಾತ್ರೆಯ ಮೇಲೆ ಮುಹಮ್ಮದನೆಂಬ ಕುಶಲಕರ್ಮಿಯ ಹೆಸರು. ಈ ಪಾತ್ರೆಗಳು ಯಾವ ಯುದ್ಧವನ್ನೂ ತಡೆಯಲಿಲ್ಲ, ನಿಜ. ಆದರೆ ಅಂದಿನವರು ಒಬ್ಬರನ್ನೊಬ್ಬರು ಬರೀ ಶತ್ರುಗಳೆಂದೇ ಕಂಡರೆಂದು ನಾವು ಹೇಳಲಾಗದಂತೆ ಅವು ಸಾಕ್ಷಿ ನುಡಿಯುತ್ತಿವೆ. ನೆರೆಯವರ ಬಗ್ಗೆ ತೀರ್ಪು ಕೊಡುವ ಮುನ್ನ ಆ ಸಾಕ್ಷ್ಯವನ್ನೂ ಕೇಳೋಣವೇ?