ಎಮ್ಮೆಯ ಹೇನು: ಹೊಂಗೆ ಎಣ್ಣೆಯಿಂದ ಚುಚ್ಚುಮದ್ದಿನವರೆಗೆ

ಚಳಿಗಾಲದಲ್ಲಿ ಎಮ್ಮೆ ಗೂಟಕ್ಕೋ ಗೋಡೆಗೋ ಮೇಲಿಂದ ಮೇಲೆ ಮೈ ಉಜ್ಜತೊಡಗಿದರೆ, ಕೊರಳಿನ ಕೂದಲು ಉದುರಿದರೆ, ಕರು ಸೊರಗಿದರೆ ಮೇವು ಸಾಲದೆಂದು ತಿಳಿಯುವವರಿದ್ದಾರೆ. ಅನೇಕ ವೇಳೆ ಕಾರಣ ಹೇನು. ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟದಂತಹ ಊರುಗಳಲ್ಲಿ ಹಾಲನ್ನು ನೆಚ್ಚಿಕೊಂಡ ಮನೆಗೆ ಇದು ಸಣ್ಣ ಸಂಗತಿಯಲ್ಲ.

'ಹೆಮಟೊಪೈನಸ್ ಟ್ಯೂಬರ್ಕ್ಯುಲೇಟಸ್' ಎಂಬುದು ಈ ಹೇನಿಗೆ ವಿಜ್ಞಾನಿಗಳು ಇಟ್ಟ ಹೆಸರು. ಬರಿಗಣ್ಣಿಗೇ ಕಾಣುವ ಇದು ರಕ್ತ ಹೀರಿ ಬದುಕುತ್ತದೆ. ಹೆಚ್ಚಾದರೆ ಎಳೆಗರುಗಳಿಗೆ ರಕ್ತಹೀನತೆ ತರುತ್ತದೆ. ಕಿವಿ, ಕೊಂಬಿನ ಬುಡ, ಕೊರಳು, ಬಾಲದ ಕುಚ್ಚುಗಳಲ್ಲಿ ಕೂದಲು ಬಿಡಿಸಿ ನೋಡಿದರೆ ಹೇನೂ, ಕೂದಲಿಗೆ ಅಂಟಿದ ಸೀರೂ ಸಿಗುತ್ತವೆ. ಒಂದರ ಮೈಗೆ ಇನ್ನೊಂದರ ಮೈ ತಾಗಿದರೆ ಸಾಕು, ಹರಡುತ್ತದೆ.

ಕನ್ನಡದಲ್ಲಿ ಪಶುವೈದ್ಯ ಹೊಸದಲ್ಲ. ಸುಮಾರು 1125ರಲ್ಲಿ ಚಾಲುಕ್ಯ ವಂಶದ ಕೀರ್ತಿವರ್ಮ 'ಗೋವೈದ್ಯ' ಬರೆದ. ಅದರಲ್ಲಿ ಮದ್ದಿನ ಜೊತೆಗೆ ಮಂತ್ರವೂ ಇದೆ. ಹಳ್ಳಿಗರ ಕೈಮದ್ದು ಬೇವಿನೆಣ್ಣೆ, ಹೊಂಗೆ ಎಣ್ಣೆ, ಸೀತಾಫಲದ ಬೀಜದ ಪುಡಿ. ಆದರೆ ಈ ಪುಡಿ ಕಣ್ಣಿಗೆ ಬಿದ್ದರೆ ಅಪಾಯ.

ಎರಡನೆಯ ಮಹಾಯುದ್ಧದ ನಂತರ ಡಿ.ಡಿ.ಟಿ., ಬಿ.ಎಚ್.ಸಿ. ಪುಡಿಗಳು ಬಂದವು. ಹೇನು ಥಟ್ಟನೆ ಸಾಯುತ್ತಿತ್ತು. ವಿಷ ಮಾತ್ರ ಉಳಿಯುತ್ತಿತ್ತು. ಇವು ಕೊಬ್ಬಿನಲ್ಲಿ ಕರಗಿ ಸೇರಿಕೊಳ್ಳುವಂಥವು. ಎಮ್ಮೆಯ ಹಾಲಿನಲ್ಲಿ ಕೊಬ್ಬು ಶೇಕಡಾ 6ರಿಂದ 8ರಷ್ಟು. ಎಮ್ಮೆಗೆ ಹಚ್ಚಿದ ಮದ್ದು ಮಕ್ಕಳ ಲೋಟಕ್ಕೆ ಬರುವ ದಾರಿ ಇದೇ. ಭಾರತದಲ್ಲಿ ಕೃಷಿಗೆ ಡಿ.ಡಿ.ಟಿ. ಬಳಕೆ 1989ರಲ್ಲಿ ನಿಷೇಧವಾಯಿತು, ಬಿ.ಎಚ್.ಸಿ. 1997ರಲ್ಲಿ.

ಆ ಜಾಗಕ್ಕೆ ಡೆಲ್ಟಾಮೆಥ್ರಿನ್‌ನಂತಹ ಸಿಂಪಡಣೆಯ ಔಷಧಿಗಳೂ ಐವರ್ಮೆಕ್ಟಿನ್ ಚುಚ್ಚುಮದ್ದೂ ಬಂದವು. ಜಪಾನಿನ ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಜೀವಿಯಿಂದ ಹುಟ್ಟಿದ ಐವರ್ಮೆಕ್ಟಿನ್ ಪಶುಗಳಿಗಾಗಿ ಮಾರುಕಟ್ಟೆಗೆ ಬಂದದ್ದು 1981ರಲ್ಲಿ. ಈ ಸಾಧನೆಗೆ ಸತೋಶಿ ಓಮುರ ಮತ್ತು ವಿಲಿಯಂ ಕ್ಯಾಂಪ್‌ಬೆಲ್ 2015ರ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದರು. ಆದರೆ ಐವರ್ಮೆಕ್ಟಿನ್ ಕೂಡ ಹಾಲಿಗೆ ಇಳಿಯುತ್ತದೆ. ಹೀಗಾಗಿ ಕರೆಯುವ ಎಮ್ಮೆಗೆ ಯಾವ ಮದ್ದು, ಎಷ್ಟು, ಎಷ್ಟು ದಿನದ ಹಾಲು ಬಿಡಬೇಕು ಎಂಬುದನ್ನು ಪಶುವೈದ್ಯರೇ ಹೇಳಬೇಕು. ಡೆಲ್ಟಾಮೆಥ್ರಿನ್ ಮೀನಿಗೆ ವಿಷ. ಸಿಂಪಡಿಸಿದ ಕೂಡಲೇ ಎಮ್ಮೆಯನ್ನು ಕೆರೆಗಿಳಿಸುವಂತಿಲ್ಲ.

ಮದ್ದು ಯಾವುದಾದರೂ ಸೋಲುವುದು ಹೆಚ್ಚಾಗಿ ಒಂದೇ ಕಡೆ. ಹೇನು ಸತ್ತರೂ ಸೀರು ಸಾಯುವುದಿಲ್ಲ. ಸುಮಾರು ಎರಡು ವಾರದಲ್ಲಿ ಅದು ಒಡೆದು ಹೊಸ ಹೇನು ಹೊರಬರುತ್ತದೆ. ಆದ್ದರಿಂದ ಸಿಂಪಡಣೆಯನ್ನು ಎರಡು ವಾರದ ನಂತರ ಮತ್ತೊಮ್ಮೆ ಮಾಡಬೇಕು. ಅದೂ ಕೊಟ್ಟಿಗೆಯ ಎಲ್ಲ ಎಮ್ಮೆಗಳಿಗೂ ಒಟ್ಟಿಗೆ. ಉದ್ದ ಕೂದಲು ಕತ್ತರಿಸಿದರೆ ಕೆಲಸ ಸುಲಭ.

ಮದ್ದಿನ ಹೆಸರು ಕಾಲಕಾಲಕ್ಕೆ ಬದಲಾಗಿದೆ. ಕೂದಲು ಬಿಡಿಸಿ ನೋಡುವ ಕಣ್ಣೂ, ಎರಡನೆಯ ಸಲ ಮದ್ದು ಹಾಕುವ ತಾಳ್ಮೆಯೂ ಹಿಂದಿನಂತೆಯೇ ಇಂದಿಗೂ ಬೇಕು.